ನಾಟಿಗೆ ತಲೆ ಬೇಡವಂತೆ!

“ಅದಕ್ಕೇನು ತಲೆ ಬೇಕಾ ಗುರು?”

ಬೆಂಗಳೂರಿನ ಯಾವ ಆಫೀಸ್ ಕ್ಯಾಂಟೀನಿಗೆ ಬೇಕಾದರೂ ಹೋಗಿ. ಎಐ ಬಂದರೆ ಯಾರ ಕೆಲಸ ಹೋಗುತ್ತೆ ಅನ್ನೋ ಚರ್ಚೆ ಶುರುವಾದ ಹತ್ತನೇ ನಿಮಿಷಕ್ಕೆ ಈ ಮಾತು ಬಂದೇ ಬರುತ್ತೆ. ಕೋಡ್ ಬರೆಯೋದಕ್ಕೆ ತಲೆ ಬೇಕು, ಎಕ್ಸೆಲ್ ಶೀಟಿಗೆ ತಲೆ ಬೇಕು, ಕ್ಲೈಂಟ್ ಕಾಲ್‌ನಲ್ಲಿ ತಲೆ ಆಡಿಸೋದಕ್ಕೂ ತಲೆ ಬೇಕು. ಗದ್ದೆಯಲ್ಲಿ ಪೈರು ನೆಡೋದಕ್ಕೆ, ರೇಷ್ಮೆಗೂಡಿನಿಂದ ನೂಲು ತೆಗೆಯೋದಕ್ಕೆ, ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯೋದಕ್ಕೆ ಬೇಡ. ಅದು ಬರೀ ಕೈಕೆಲಸ. ಅನ್‌ಸ್ಕಿಲ್ಡ್.

ನಾನೂ ಅದೇ ಕ್ಯಾಂಟೀನಿನಲ್ಲಿ ಊಟ ಮಾಡುವವನು. ಆದರೆ ನಂಜನಗೂಡು, ಟಿ. ನರಸೀಪುರದ ಕಡೆಯವನು. ಈ ಮಾತು ಅಹಂಕಾರದ್ದು ಅಂತ ಬೈಯೋದು ಸುಲಭ. ನನ್ನ ತಕರಾರು ಬೇರೆ. ಇದು ಸುಳ್ಳು. ಶರೀರಶಾಸ್ತ್ರದ ಲೆಕ್ಕದಲ್ಲೇ ಸುಳ್ಳು. ಆ ಸುಳ್ಳಿನ ಮೇಲೆ ನಾವು ಕಾನೂನು ಕಟ್ಟಿದ್ದೀವಿ, ಕೂಲಿ ಕಟ್ಟಿದ್ದೀವಿ, ಪರಿಹಾರದ ಪಟ್ಟಿ ಕಟ್ಟಿದ್ದೀವಿ.

ಮೊದಲು ಕೆಲಸವನ್ನು ಸರಿಯಾಗಿ ನೋಡೋಣ. ಜುಲೈ, ಆಗಸ್ಟ್‌ನಲ್ಲಿ ನಾಲೆಗೆ ನೀರು ಬಿಟ್ಟ ಮೇಲೆ ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ನಾಲೆ, ರಾಂಪುರ ನಾಲೆ ಬಯಲುಗಳಲ್ಲಿ ನಾಟಿ ನಡೆಯುತ್ತೆ. ಒಟ್ಲಿನಿಂದ ಕಿತ್ತ ಪೈರಿನ ಕಟ್ಟು ಎಡಗೈಯಲ್ಲಿ. ಬಲಗೈ ಬಂದು ಆ ಕಟ್ಟಿನಿಂದ ಎರಡೋ ಮೂರೋ ಪೈರನ್ನು ಬಿಡಿಸಿಕೊಳ್ಳುತ್ತೆ. ನಾಲ್ಕೂ ಅಲ್ಲ, ಒಂದೂ ಅಲ್ಲ. ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಬೇರನ್ನು ಹಿಡಿದು ಕೆಸರಿಗೆ ಇಳಿಸುತ್ತೆ. ಆಳ ಹೆಚ್ಚಾದರೆ ತೆಂಡೆ ಕಡಿಮೆ ಒಡೆಯುತ್ತೆ. ಆಳ ಸಾಲದಿದ್ದರೆ ಪೈರು ನೀರಿನ ಮೇಲೆ ತೇಲುತ್ತೆ. ಬೆರಳು ಹೊರಗೆ ಬರುವಾಗ ಬೇರು ಅಲ್ಲೇ ಉಳಿಯಬೇಕು, ಬೆರಳಿಗೆ ಅಂಟಿಕೊಂಡು ವಾಪಸ್ ಬರಬಾರದು. ಇಷ್ಟಾಗಿ ಒಂದು ಹೆಜ್ಜೆ ಹಿಂದಕ್ಕೆ. ಮತ್ತೆ ಅದೇ.

ಈಗ ಒಂದು ವಿಷಯ ಗಮನಿಸಿ. ಆಕೆಯ ಕಣ್ಣು ಕೈ ಮೇಲೆ ಇಲ್ಲ. ಕಣ್ಣಿರುವುದು ಸಾಲಿನ ಮೇಲೆ, ಪಕ್ಕದವಳ ಮೇಲೆ. ಕಟ್ಟಿನಿಂದ ಪೈರು ಎಣಿಸುವ ಬೆರಳನ್ನು ಆಕೆ ನೋಡುವುದಿಲ್ಲ. ಕೆಸರಿನೊಳಗೆ ಹೋದ ಬೆರಳಂತೂ ನೋಡಿದರೂ ಕಾಣದು. ಮತ್ತೆ ಆ ಕೆಸರು ಒಂದು ಮಾರಿನಿಂದ ಇನ್ನೊಂದು ಮಾರಿಗೆ ಬೇರೆ. ಒಂದು ಕಡೆ ಮೆತ್ತಗೆ, ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಕೂಳೆ. ಪ್ರತಿ ಸಲವೂ ತಳ್ಳುವ ಬಲ ಬದಲಾಗಬೇಕು. ಬದಲಾಗುತ್ತೆ ಕೂಡ. ಆಕೆ ಮಾತ್ರ ಪಕ್ಕದವಳ ಹತ್ತಿರ ಮಗಳ ಮದುವೆ ವಿಷಯ ಮಾತಾಡ್ತಾ ಇರ್ತಾಳೆ.

ಹಾಗಾದರೆ ಲೆಕ್ಕ ಹಾಕುತ್ತಿರುವುದು ಯಾರು?

ಕುತ್ತಿಗೆಯ ಮೇಲ್ತುದಿಯಲ್ಲಿ, ಬೆನ್ನುಹುರಿ ತಲೆಬುರುಡೆಯೊಳಗೆ ಹೊಕ್ಕ ಕೂಡಲೇ ಸಿಗುವ ಭಾಗವೇ ಮಿದುಳುಕಾಂಡ. ಪಠ್ಯಪುಸ್ತಕದಲ್ಲಿ ಉಸಿರಾಟ, ಎದೆಬಡಿತ, ನುಂಗುವುದು ಅಂತ ನಾಲ್ಕು ಸಾಲು ಬರೆದು ಮುಗಿಸಿದ್ದರಲ್ಲ, ಅದೇ. ವಾಚ್‌ಮನ್ ಥರ: ಯಾವಾಗಲೂ ಡ್ಯೂಟಿಯಲ್ಲಿ, ಯಾರೂ ಹೆಸರು ಕೇಳಲ್ಲ. ಬೆರಳಿನ ಸ್ಪರ್ಶ, ತೋಳಿನ ಸ್ನಾಯು ಎಷ್ಟು ಎಳೆದಿದೆ ಅನ್ನುವ ಸುದ್ದಿ ಎಲ್ಲವೂ ಬೆನ್ನುಹುರಿ ಹತ್ತಿ ಬಂದು ಮೊದಲು ತಲುಪುವ ಮುಖ್ಯ ನಿಲ್ದಾಣ ಇಲ್ಲಿದೆ. ಕ್ಯುನಿಯೇಟ್ ನ್ಯೂಕ್ಲಿಯಸ್ ಅಂತಾರೆ. ಬೆಣೆಯ ಆಕಾರ ಇದೆ ಅಂತ ಆ ಹೆಸರು.

ಬಹಳ ಕಾಲ ಇದನ್ನು ಅಂಚೆ ಡಬ್ಬಿ ಅಂತಲೇ ತಿಳಿದಿದ್ದರು. ಕೆಳಗಿಂದ ಬಂದ ಕಾಗದವನ್ನು ಮೇಲಕ್ಕೆ ದಾಟಿಸುವುದು, ಅಷ್ಟೇ ಕೆಲಸ. 2021ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ಐಮನ್ ಅಜೀಮ್ ಅವರ ತಂಡ ಇಲಿಗಳಲ್ಲಿ ಮಾಡಿದ ಕೆಲಸ ಸೈನ್ಸ್ ಪತ್ರಿಕೆಯಲ್ಲಿ ಬಂತು. ಇದು ಅಂಚೆ ಡಬ್ಬಿ ಅಲ್ಲ, ಚೆಕ್‌ಪೋಸ್ಟ್ ಅಂತ ಅದರಲ್ಲಿ ಗೊತ್ತಾಯಿತು. ಕ್ಯುನಿಯೇಟ್‌ನ ಸುತ್ತ ತಡೆಯುವ ನರಕೋಶಗಳಿವೆ. ಮೇಲಿನ ಮಿದುಳಿನಿಂದ ಅವಕ್ಕೆ ಸೂಚನೆ ಬರುತ್ತೆ. ಬೆರಳಿಂದ ಬಂದ ಸುದ್ದಿಯಲ್ಲಿ ಎಷ್ಟನ್ನು ಜೋರು ಮಾಡಬೇಕು, ಎಷ್ಟನ್ನು ತಗ್ಗಿಸಬೇಕು ಅನ್ನೋದು ಅಲ್ಲೇ ತೀರ್ಮಾನವಾಗುತ್ತೆ. ಆ ಹಿಡಿತ ಏರುಪೇರು ಮಾಡಿದರೆ ಮುಂಗಾಲಿನ ಚಾಕಚಕ್ಯತೆಯೂ ಏರುಪೇರಾಗುತ್ತೆ.

ಇನ್ನೊಂದು ಅರ್ಧ ಇದೆ, ಅದೇ ನನಗೆ ಹೆಚ್ಚು ಇಷ್ಟ. ಕೈ ಚಾಚುವಾಗ ಕಣ್ಣಿನ ಸುದ್ದಿ ನಂಬಿಕೊಂಡು ದಾರಿ ತಿದ್ದಬೇಕಾದರೆ ಸೆಕೆಂಡಿನ ಹತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತೆ. ಅಷ್ಟರಲ್ಲಿ ಕೈ ಮುಂದೆ ಹೋಗಿಬಿಟ್ಟಿರುತ್ತೆ. ಸುದ್ದಿ ಬರುವ ತನಕ ಕಾದರೆ ಕೆಲಸ ಕೆಟ್ಟಂತೆಯೇ. ಅದಕ್ಕೆ ನರಮಂಡಲ ಏನು ಮಾಡುತ್ತೆ ಗೊತ್ತಾ? ನಾವು ಮೇಲ್‌ನಲ್ಲಿ ಮಾಡುವುದನ್ನೇ. ಸಿಸಿ ಹಾಕುತ್ತೆ! ಕತ್ತಿನ ಭಾಗದ ಬೆನ್ನುಹುರಿಯಲ್ಲಿರುವ ಕೆಲವು ನರಕೋಶಗಳಿಗೆ ಎರಡು ಕವಲು. ಒಂದು ಕೆಳಗೆ, ತೋಳಿನ ಸ್ನಾಯುಗಳನ್ನು ಆಡಿಸುವ ಕೋಶಗಳಿಗೆ: “ಚಾಚು”. ಇನ್ನೊಂದು ಮೇಲೆ, ಮಿದುಳುಕಾಂಡದ ಲ್ಯಾಟರಲ್ ರೆಟಿಕ್ಯುಲರ್ ನ್ಯೂಕ್ಲಿಯಸ್‌ಗೆ: “ಚಾಚು ಅಂತ ಹೇಳಿದ್ದೀನಿ, ನಿಮ್ಮ ಗಮನಕ್ಕೆ”. ಅಲ್ಲಿಗೆ ಬೆನ್ನುಹುರಿಯ ಬೇರೆ ಸುದ್ದಿಗಳೂ, ಮೇಲಿನ ಮಿದುಳಿನ ಸೂಚನೆಗಳೂ ಬಂದು ಸೇರುತ್ತವೆ. ಕಳಿಸಿದ ಆಜ್ಞೆಯ ನಕಲು ಮತ್ತು ಮೈಯಿಂದ ಬಂದ ವರದಿ ಒಂದೇ ಮೇಜಿನ ಮೇಲೆ. ಅಲ್ಲಿಂದ ಕಿರುಮಿದುಳಿಗೆ. ಕಿರುಮಿದುಳು ಎರಡನ್ನೂ ತಾಳೆ ಹಾಕಿ, ತಪ್ಪು ಆಗುವ ಮೊದಲೇ ತಿದ್ದುತ್ತೆ.

ಇದು ಊಹೆ ಅಲ್ಲ. 2014ರಲ್ಲಿ ಅಜೀಮ್, ಥಾಮಸ್ ಜೆಸೆಲ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು. ಈ ಜಾತಿಯ ನರಕೋಶಗಳನ್ನು ತೆಗೆದಾಗ ಇಲಿ ಕಾಳನ್ನು ಹಿಡಿಯುವುದು ಸರಿಯಾಗೇ ಇತ್ತು, ಕಾಳಿನ ತನಕ ಕೈ ಚಾಚುವುದು ಕೆಟ್ಟಿತು. ಬರೀ ಮೇಲ್ಗವಲನ್ನು, ಅಂದರೆ ಸಿಸಿ ಪ್ರತಿಯನ್ನು, ಬೆಳಕು ಹಾಯಿಸಿ ಕೆಣಕಿದಾಗಲೂ ಕೈ ದಾರಿ ತಪ್ಪಿತು. 2021ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸಿಲ್ವಿಯಾ ಆರ್ಬರ್ ಅವರ ತಂಡ ಮಿದುಳುಕಾಂಡದ ಇನ್ನೊಂದು ಜಾಗದಲ್ಲಿ ಕೈ ಚಾಚುವುದಕ್ಕೆ ಒಂದು ಗುಂಪು, ಕೈಯನ್ನು ಬಾಯಿಗೆ ತರುವಂಥ ಚಲನೆಗಳಿಗೆ ಬೇರೆ ಗುಂಪು ಅಂತ ನರಕೋಶಗಳನ್ನು ವಿಂಗಡಿಸಿ ತೋರಿಸಿತು.

ಇಲಿ ಬೇರೆ, ಮನುಷ್ಯ ಬೇರೆ ಅಂತೀರಾ? ನಿಜ. ನಮ್ಮ ಬೆರಳುಗಳಿಗೆ ಮೇಲಿನ ಮಿದುಳಿನಿಂದ ಇನ್ನಷ್ಟು ನೇರ ತಂತಿಗಳಿವೆ. ಅಂದರೆ ನಮ್ಮ ಕೈಯ ಲೆಕ್ಕ ಇಲಿಯದಕ್ಕಿಂತ ಜಟಿಲ, ಸುಲಭ ಅಲ್ಲ. ಕೂತಲ್ಲೇ ಒಂದು ಪರೀಕ್ಷೆ ಮಾಡಿ. ತೋರುಬೆರಳನ್ನು ಮುಖದ ಮುಂದೆ ಹಿಡಿದು ಬೇಗಬೇಗ ಅಲ್ಲಾಡಿಸಿ, ಗೆರೆಗಳು ಕಲಸಿಹೋಗುತ್ತವೆ. ಈಗ ಬೆರಳನ್ನು ಸುಮ್ಮನೆ ಹಿಡಿದು ಅಷ್ಟೇ ಬೇಗ ತಲೆ ಅಲ್ಲಾಡಿಸಿ; ಗೆರೆ ಸ್ಪಷ್ಟ. ತಲೆ ಎಷ್ಟು ತಿರುಗಿತು ಅನ್ನೋ ಸುದ್ದಿಯನ್ನು ಮಿದುಳುಕಾಂಡ ಕಣ್ಣಿನ ಚಲನೆಯ ಜೊತೆ ಕೂಡಿಸಿ, ಕಳೆದು, ಸರಿಮಾಡಿಕೊಟ್ಟಿತು. ನಿಮ್ಮನ್ನು ಕೇಳಲಿಲ್ಲ. ಮೀಟಿಂಗ್ ಕರೆಯಲಿಲ್ಲ.

ಈ ಲೆಕ್ಕ ನಿಂತುಹೋದರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಇಯಾನ್ ವಾಟರ್‌ಮನ್ ಅನ್ನುವ ಬ್ರಿಟಿಷ್ ಯುವಕ 1971ರಲ್ಲಿ, 19ನೇ ವಯಸ್ಸಿನಲ್ಲಿ, ಒಂದು ಜ್ವರದ ನಂತರ ಕತ್ತಿನ ಕೆಳಗಿನ ಸ್ಪರ್ಶವನ್ನೂ ಅಂಗಗಳು ಎಲ್ಲಿವೆ ಅನ್ನುವ ಅರಿವನ್ನೂ ಕಳೆದುಕೊಂಡ. ಸ್ನಾಯು ಗಟ್ಟಿಯಾಗೇ ಇತ್ತು, ಬುದ್ಧಿ ಚುರುಕಾಗೇ ಇತ್ತು, ಆಜ್ಞೆ ಹೋಗುತ್ತಿತ್ತು. ವರದಿ ಮಾತ್ರ ಬರುತ್ತಿರಲಿಲ್ಲ. ಮೊದಮೊದಲು ಕೂರುವುದಕ್ಕೂ ಆಗಲಿಲ್ಲ. ವರ್ಷಗಟ್ಟಲೆ ಕಷ್ಟಪಟ್ಟು, ಪ್ರತಿ ಅಂಗವನ್ನೂ ಕಣ್ಣಿಂದ ನೋಡ್ತಾ ನೋಡ್ತಾ ಆಡಿಸುವುದನ್ನು ಕಲಿತ. ದೀಪ ಆರಿದರೆ ಕುಸಿದುಬೀಳುತ್ತಿದ್ದ. ನೀವು ಹೊಗಳುವ “ತಲೆ” ಪೂರ್ತಿ ಕೆಲಸ ಮಾಡುತ್ತಿದ್ದ ಮನುಷ್ಯ ಆತ. ಒಂದು ಲೋಟ ಎತ್ತಬೇಕಾದರೆ ಆ ತಲೆ ಪೂರ್ತಿ ಖರ್ಚಾಗುತ್ತಿತ್ತು.

ಅಂಕಿ ಬೇಕಾ? ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳು. ಅದರಲ್ಲಿ ಸುಮಾರು 6,900 ಕೋಟಿ ಇರುವುದು ಕಿರುಮಿದುಳಿನಲ್ಲಿ. ನಾವು ಹೆಮ್ಮೆಪಡುವ, ಪವರ್‌ಪಾಯಿಂಟ್ ಮಾಡುವ ಮೇಲಿನ ಹೊದಿಕೆಯಲ್ಲಿರುವುದು ಸುಮಾರು 1,600 ಕೋಟಿ. ಹೆಡ್‌ಕೌಂಟ್ ನೋಡಿ ಮರ್ಯಾದೆ ಕೊಡುವ ಕಾರ್ಪೊರೇಟ್ ಜಗತ್ತಿಗೆ ಇಷ್ಟು ಸಾಕು.

ರೋಬೊಟಿಕ್ಸ್‌ನವರಿಗೆ ಇದು ಹಳೇ ಸುದ್ದಿ. ಹ್ಯಾನ್ಸ್ ಮೊರಾವೆಕ್ 1988ರಲ್ಲೇ ಬರೆದಿದ್ದ: ಯಂತ್ರಕ್ಕೆ ಚೆಕರ್ಸ್ ಆಡಿಸುವುದು ಸುಲಭ, ಒಂದು ವರ್ಷದ ಮಗುವಿನ ಹಾಗೆ ನೋಡಿ ಹಿಡಿದು ನಡೆಯುವಂತೆ ಮಾಡುವುದು ಕಷ್ಟ. ನಾವು ಇದನ್ನು ಟೆಕ್ ಟಾಕ್‌ಗಳಲ್ಲಿ ಕೇಳಿ ಚಪ್ಪಾಳೆ ತಟ್ಟುತ್ತೀವಿ. ಹೊರಗೆ ಬಂದು ಹೌಸ್‌ಕೀಪಿಂಗ್‌ನವರನ್ನು ಅನ್‌ಸ್ಕಿಲ್ಡ್ ಅಂತೀವಿ.

“ನಾಟಿ ಯಂತ್ರ ಬಂದಿದೆಯಲ್ಲ?” ಬಂದಿದೆ. ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೂ ಸಿಗುತ್ತೆ. ಒಳ್ಳೆಯದೇ. ಆದರೆ ಆ ಯಂತ್ರಕ್ಕೆ ಏನೇನು ಬೇಕು ನೋಡಿ. ಟ್ರೇಯಲ್ಲಿ ಚಾಪೆ ಹಾಗೆ ಬೆಳೆಸಿದ ಒಂದೇ ಅಳತೆಯ ಸಸಿ ಬೇಕು. ಗದ್ದೆ ಸಮತಟ್ಟಾಗಿರಬೇಕು. ನೀರು ಹದವಾಗಿ ತೆಳ್ಳಗೆ ನಿಂತಿರಬೇಕು. ಯಂತ್ರ ಕೈಯ ಕುಶಲತೆಯನ್ನು ಕಲಿತಿಲ್ಲ; ಕುಶಲತೆ ಬೇಡವಾಗುವ ಹಾಗೆ ಗದ್ದೆಯನ್ನು ಪಳಗಿಸಿಕೊಂಡಿದೆ. ಮೂಲೆಯಲ್ಲಿ, ಬದುವಿನ ಪಕ್ಕದಲ್ಲಿ ಉಳಿದ ಜಾಗಕ್ಕೆ ಮತ್ತೆ ಆ ಹೆಣ್ಣುಮಕ್ಕಳನ್ನೇ ಕರೆಯಬೇಕು.

ಈಗ ನದಿಯ ಜೊತೆ ಕೆಳಗೆ ಹೋಗೋಣ. ಕಪಿಲೆ ಕಾವೇರಿಯನ್ನು ಸೇರುವ ಟಿ. ನರಸೀಪುರದಲ್ಲಿ ಕೆಎಸ್‌ಐಸಿಯ ರೇಷ್ಮೆ ನೂಲು ಬಿಚ್ಚಾಣಿಕೆ ಕಾರ್ಖಾನೆ ಇದೆ. ನಿಮ್ಮ ಮನೆಯ ಬೀರುವಿನಲ್ಲಿರುವ ಮೈಸೂರು ಸಿಲ್ಕ್ ಸೀರೆಯ ಕಥೆಯಲ್ಲಿ ಈ ಊರೂ ಇದೆ. ಬಿಚ್ಚಾಣಿಕೆ ಅಂದರೆ ಏನು? ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಅಂಟು ಸಡಿಲ ಮಾಡಿ, ಎಳೆಯ ತುದಿ ಹುಡುಕುವುದು. ನೂರಾರು ಮೀಟರ್ ಉದ್ದದ ಒಂದೇ ಎಳೆ, ತಲೆಗೂದಲಿಗಿಂತ ಎಷ್ಟೋ ತೆಳು. ಹಲವು ಗೂಡಿನ ಎಳೆಗಳು ಸೇರಿ ಒಂದು ನೂಲು. ಒಂದು ಗೂಡು ಮುಗಿದರೆ ನೂಲು ಅಷ್ಟು ಸಣ್ಣಗಾಗುತ್ತೆ. ತಕ್ಷಣ ಇನ್ನೊಂದು ಗೂಡಿನ ತುದಿಯನ್ನು ಓಡುವ ನೂಲಿಗೆ ಎಸೆದು ಸೇರಿಸಬೇಕು. ನಿಲ್ಲಿಸದೆ. ದೊಡ್ಡ ಆಟೊಮ್ಯಾಟಿಕ್ ಯಂತ್ರಗಳು ಇದರಲ್ಲಿ ಬಹುಪಾಲನ್ನು ತಾವೇ ಮಾಡುತ್ತವೆ. ಚರಕ, ಕಾಟೇಜ್ ಬೇಸಿನ್‌ಗಳ ಸಣ್ಣ ಘಟಕಗಳಲ್ಲಿ ಮಾತ್ರ ಇದನ್ನು ಮಾಡುವುದು ಬೆರಳು. ಎಸೆಯುವ ಆಜ್ಞೆ, ಎಳೆಯ ಎಳೆತ, ನೀರಿನ ಬಿಸಿ ಎಲ್ಲವನ್ನೂ ಒಂದೇ ಕ್ಷಣದಲ್ಲಿ ಕೂಡಿಸುವ ಬೆರಳು.

ಅದೇ ತಾಲ್ಲೂಕಿನಲ್ಲಿ ಸೋಮನಾಥಪುರ. 13ನೇ ಶತಮಾನದ ಹೊಯ್ಸಳ ಗುಡಿ, 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅಲ್ಲಿ ಶಿಲ್ಪಿ ಮಲ್ಲಿತಮ್ಮ ತನ್ನ ಮೂರ್ತಿಗಳ ಕೆಳಗೆ ಹೆಸರು ಕೊರೆದಿದ್ದಾನೆ. ವೀಕೆಂಡ್‌ನಲ್ಲಿ ಹೋಗಿ ಫೋಟೊ ತೆಗೆದು “ವಾಟ್ ಅ ಸ್ಕಿಲ್” ಅಂತ ಸ್ಟೇಟಸ್ ಹಾಕ್ತೀವಿ. ದಾರಿಯಲ್ಲಿ ಗದ್ದೆಯ ಹೆಂಗಸರ ಫೋಟೊನೂ ತೆಗೀತೀವಿ, ಅದಕ್ಕೆ ಕ್ಯಾಪ್ಷನ್ “ಸಿಂಪಲ್ ಲೈಫ್”. ಉಳಿ ಹಿಡಿದ ಕೈಗೂ ಪೈರು ಹಿಡಿದ ಕೈಗೂ ಲೆಕ್ಕ ಹಾಕಿಕೊಟ್ಟಿದ್ದು ಅದೇ ಮಿದುಳುಕಾಂಡ. ಒಬ್ಬರ ಕೆಲಸ ಕಲ್ಲಲ್ಲಿ ಉಳೀತು, ಇನ್ನೊಬ್ಬರದ್ದನ್ನು ನಾವು ಊಟ ಮಾಡಿಬಿಟ್ವಿ. ವ್ಯತ್ಯಾಸ ಅಷ್ಟೇ.

ಈಗ ಕಾನೂನಿಗೆ ಬರೋಣ. 2005ರ ಉದ್ಯೋಗ ಖಾತ್ರಿ ಕಾಯ್ದೆ ಕೊಟ್ಟಿದ್ದು “ಅಕುಶಲ ದೈಹಿಕ ಕೆಲಸ”. ಅದರ ವ್ಯಾಖ್ಯೆಯ ಸಾರ ಇಷ್ಟು: ಯಾವ ಕುಶಲತೆಯೂ ವಿಶೇಷ ತರಬೇತಿಯೂ ಇಲ್ಲದೆ ಯಾವ ವಯಸ್ಕರು ಬೇಕಾದರೂ ಮಾಡಬಹುದಾದ ಕೆಲಸ. ಆ ಕಾಯ್ದೆ ಲಕ್ಷಾಂತರ ಮನೆಗಳ ಒಲೆ ಉರಿಸಿದೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಈ ವ್ಯಾಖ್ಯೆ ಬರೆದವರು ಒಂದು ದಿನ ಹಾರೆ ಹಿಡಿದು ಹೊಂಡ ತೋಡಿದ್ದರೆ, ಸಂಜೆ ಹೊತ್ತಿಗೆ ಸೊಂಟವೇ ತಿದ್ದುಪಡಿ ಸೂಚಿಸುತ್ತಿತ್ತು. 2019ರ ವೇತನ ಸಂಹಿತೆಯಲ್ಲೂ ಅದೇ ಏಣಿ: ಅಕುಶಲ, ಅರೆಕುಶಲ, ಕುಶಲ, ಅತಿಕುಶಲ. ಮೆಟ್ಟಿಲ ಮೇಲೆ ಮೆಟ್ಟಿಲು, ಕೂಲಿಯ ಮೇಲೆ ಕೂಲಿ. ಈ ಏಣಿ ಕೈಯ ಕೌಶಲವನ್ನು ಅಳೆಯುವುದಿಲ್ಲ, ಕಾಗದವನ್ನು ಅಳೆಯುತ್ತೆ. ಸರ್ಟಿಫಿಕೇಟ್ ಇದ್ದರೆ ಕುಶಲ. 30 ವರ್ಷದ ಅಭ್ಯಾಸ ಇದ್ದು ಕಾಗದ ಇಲ್ಲದಿದ್ದರೆ ಅಕುಶಲ.

ಆ ಕೆಳಮೆಟ್ಟಿಲ ಮೇಲೆ ನಿಂತಿರುವವರು ಯಾರು ಅಂತಲೂ ಹೇಳಬೇಕಲ್ಲ. ನಮ್ಮ ಕಡೆ ನಾಟಿ ಹಾಕುವವರು ಬಹುಪಾಲು ಭೂಮಿ ಇಲ್ಲದ ಮನೆಗಳ ಹೆಣ್ಣುಮಕ್ಕಳು, ಅವರಲ್ಲಿ ದಲಿತರೇ ಹೆಚ್ಚು. ಉಳುವ ಗಂಡಾಳಿಗೆ ಒಂದು ಕೂಲಿ, ನೆಡುವ ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. “ಅಕುಶಲ” ಅನ್ನುವ ಪದ ಈ ವ್ಯತ್ಯಾಸಕ್ಕೆ ಮೇಲಿಂದ ಸುಣ್ಣ ಹೊಡೆಯುತ್ತೆ. ಜಾತಿ ಅನ್ನಬೇಕಾಗಿಲ್ಲ, ಲಿಂಗ ಅನ್ನಬೇಕಾಗಿಲ್ಲ. ಸ್ಕಿಲ್ ಇಲ್ಲ ಅಂದರೆ ಮುಗೀತು.

ಒಂದು ಆಕ್ಷೇಪ ನ್ಯಾಯವಾದದ್ದೇ. “ಮಿದುಳುಕಾಂಡ ಎಲ್ಲರಿಗೂ ಇದೆ ಮಾರಾಯ. ಎಲ್ಲರಿಗೂ ಇರೋದಕ್ಕೆ ಮಾರುಕಟ್ಟೆ ಯಾಕೆ ದುಡ್ಡು ಕೊಡುತ್ತೆ?” ಉತ್ತರ ಸರಳ. ನಾಲಿಗೆಯೂ ಎಲ್ಲರಿಗೂ ಇದೆ, ಎಲ್ಲರೂ ಹಾಡುಗಾರರಲ್ಲ. ಯಂತ್ರಾಂಗ ಹುಟ್ಟಿನಿಂದ ಬರುತ್ತೆ, ತಾಳೆ ಹಾಕುವ ಅಭ್ಯಾಸ ಸಾವಿರಾರು ಗಂಟೆಗಳಿಂದ ಬರುತ್ತೆ. ಅನುಮಾನ ಇದ್ದರೆ ವಾರಾಂತ್ಯದ “ಕೆಸರುಗದ್ದೆ ಅನುಭವ” ಪ್ಯಾಕೇಜ್ ತಗೊಂಡು ಬನ್ನಿ. ನೀವು ಸೆಲ್ಫಿ ಮುಗಿಸಿ ಕಾಲು ತೊಳೆದು ಹೋದ ಮೇಲೆ ಆ ಸಾಲನ್ನು ಯಾರೋ ಮತ್ತೆ ನೆಡುತ್ತಾರೆ. ಇನ್ನು ಮಾರುಕಟ್ಟೆಯ ಮಾತು. ಬೇಡಿಕೆ ಇದೆ, ಪೂರೈಕೆ ಇದೆ ಅಂತ ಹೇಳಿ, ಒಪ್ಪುತ್ತೇನೆ. ಆದರೆ ಅಗ್ಗ ಅನ್ನೋದು ಬೆಲೆಯ ವಿಷಯ, ಅಕುಶಲ ಅನ್ನೋದು ಮನುಷ್ಯರ ವಿಷಯ. ಒಂದನ್ನು ಇನ್ನೊಂದರ ಹೆಸರಲ್ಲಿ ಮಾರಬೇಡಿ.

“ಹಾಗಾದರೆ ನಿನ್ನ ಮಗಳನ್ನು ನಾಟಿಗೆ ಕಳಿಸ್ತೀಯಾ?” ಇಲ್ಲ. ನಾಟಿಯವರೂ ತಮ್ಮ ಮಕ್ಕಳನ್ನು ಕಳಿಸೋಕೆ ಇಷ್ಟಪಡಲ್ಲ, ಅದು ಅವರ ಹಕ್ಕು. ಬೆನ್ನು ಬಗ್ಗಿಸುವ ಕೆಲಸವನ್ನು ನಾನು ವೈಭವೀಕರಿಸುತ್ತಿಲ್ಲ. ಕೆಲಸ ಬಿಡಬೇಕು ಅನ್ನುವವರಿಗೆ ದಾರಿ ಬೇಕು, ನಿಜ. ಆದರೆ ಅನುಭವಕ್ಕೆ ಲೆಕ್ಕ ಇಲ್ಲದ ಕಡೆ, ಬಿಟ್ಟು ಬಂದವರು ಬರಿಗೈಯಲ್ಲೇ ಬಂದಂತೆ. ಸೂಕ್ಷ್ಮ ಬೆರಳಿನ 20 ವರ್ಷ ರೆಸ್ಯೂಮೆಯಲ್ಲಿ ಸೊನ್ನೆ.

ಕೊನೆಯದು, ನನ್ನ ಪ್ರಕಾರ ಅತಿ ಮುಖ್ಯವಾದದ್ದು. ಇದು ಬರೀ ಪದದ ಜಗಳ ಅಲ್ಲ. ಕಾರ್ಮಿಕ ಪರಿಹಾರದ ಕಾನೂನಿನಲ್ಲಿ ಒಂದು ಪಟ್ಟಿ ಇದೆ. ಹೆಬ್ಬೆರಳು ಹೋದರೆ ಶೇ 30ರಷ್ಟು ದುಡಿಮೆ ಸಾಮರ್ಥ್ಯ ನಷ್ಟ. ತೋರುಬೆರಳು ಪೂರ್ತಿ ಹೋದರೆ ಶೇ 14. ಕತ್ತರಿಸಿಹೋದ ಬೆರಳಿಗೆ ಹೀಗೆ ಲೆಕ್ಕ ಸಿದ್ಧವಾಗಿದೆ. ಬೆರಳು ಇದ್ದೂ ಅದರ ಅರಿವು ಹೋದರೆ? ಪಟ್ಟಿಯಲ್ಲಿ ಅದಕ್ಕೊಂದು ಸಾಲಿಲ್ಲ. ವೈದ್ಯರಿಂದ ಪ್ರತ್ಯೇಕವಾಗಿ ಬರೆಸಿ, ದುಡಿಮೆ ಇಷ್ಟು ಕುಗ್ಗಿದೆ ಅಂತ ವಾದ ಮಾಡಿ ಗೆಲ್ಲಬೇಕು. ಯಾರು ವಾದ ಮಾಡ್ತಾರೆ? ವರ್ಷಗಟ್ಟಲೆ ಬಿಸಿನೀರಿನಲ್ಲಿ ಅದ್ದಿ ಬೆರಳತುದಿ ಬಿರಿದು ದಡ್ಡುಗಟ್ಟಿದ ಬಿಚ್ಚಾಣಿಕೆಯ ಕೆಲಸಗಾರ್ತಿಯೇ? ಕ್ಯುನಿಯೇಟ್‌ಗೆ ಸುದ್ದಿಯೇ ಬರದಿದ್ದರೆ ಅದು ಏನನ್ನು ಜೋರು ಮಾಡೀತು, ಏನನ್ನು ತಗ್ಗಿಸೀತು? ಆಕೆ ಕಳೆದುಕೊಂಡದ್ದು ಇಡೀ ಕೌಶಲ. ಆದರೆ ಕಾಗದದ ಮೇಲೆ ಆಕೆ ಅಕುಶಲ. ಇಲ್ಲದ್ದನ್ನು ಕಳೆದುಕೊಳ್ಳೋದು ಹೇಗೆ ಅಂತ ಕೇಳಿದರೆ ಮುಗೀತು.

ದ್ರೋಣಾಚಾರ್ಯರಿಗಾದರೂ ವಿದ್ಯೆ ಎಲ್ಲಿದೆ ಅಂತ ಗೊತ್ತಿತ್ತು. ಏಕಲವ್ಯನ ಹತ್ತಿರ ಕೇಳಿದ್ದು ಹೆಬ್ಬೆರಳನ್ನೇ.

ನಾನು ಕೇಳುತ್ತಿರುವುದು ಮೂರು. ಒಂದು, ಸರ್ಟಿಫಿಕೇಟ್ ಇಲ್ಲ ಅನ್ನಬೇಕಾದರೆ ಸರ್ಟಿಫಿಕೇಟ್ ಇಲ್ಲ ಅಂತಲೇ ಬರೆಯಿರಿ; ಅಕುಶಲ ಅನ್ನುವ ಪದವನ್ನು ಕಾನೂನಿನಿಂದ ತೆಗೆಯಿರಿ. ಎರಡು, ಕೈಯ ಅನುಭವದ ವರ್ಷಗಳನ್ನು ಕೂಲಿಯ ಏಣಿಗೆ ಸೇರಿಸಿ. ನಮಗೆ ಅಪ್ರೈಸಲ್ ಆಗುವುದು ಅದೇ ಲೆಕ್ಕದಲ್ಲಿ ತಾನೆ? ಮೂರು, ಪರಿಹಾರದ ಪಟ್ಟಿಯಲ್ಲಿ ಸ್ಪರ್ಶಕ್ಕೂ ಒಂದು ಸಾಲು ಕೊಡಿ. ಅಳೆಯೋದು ಹೇಗೆ ಅಂತ ಕೇಳಬೇಡಿ. ನಮ್ಮ ಕುಷ್ಠರೋಗ ತಪಾಸಣೆಯಲ್ಲಿ ಕಣ್ಣು ಮುಚ್ಚಿಸಿ ಬಾಲ್‌ಪೆನ್ನಿನ ತುದಿಯನ್ನು ಅಂಗೈಗೆ ತಾಗಿಸಿ, ಎಲ್ಲಿ ತಾಗಿತು ಅಂತ ಕೇಳುವ ಪದ್ಧತಿ ಎಷ್ಟೋ ವರ್ಷದಿಂದ ಇದೆ. ಅಷ್ಟೇ ಸಾಕು. ಐದು ರೂಪಾಯಿಯ ಪೆನ್ನು, ಐದು ನಿಮಿಷ. ಬಿಚ್ಚಾಣಿಕೆ ಘಟಕಗಳಲ್ಲಿ ವರ್ಷಕ್ಕೊಮ್ಮೆ ಇದನ್ನು ಮಾಡಿ, ಬರೆದಿಡಿ. ಬೆರಳಿನ ಅರಿವು ಯಾವ ವರ್ಷ ಎಷ್ಟು ಕಮ್ಮಿಯಾಯಿತು ಅನ್ನೋ ದಾಖಲೆ ಆಕೆಯ ಕೈಯಲ್ಲಿರಲಿ. ಆಮೇಲೆ ಯಾವ ಮಾಲೀಕ ಬೇಕಾದರೂ ಬಂದು ಹೇಳಲಿ, ಈ ಕೆಲಸಕ್ಕೆ ತಲೆ ಬೇಡ ಅಂತ.